ಉಕ್ಕಿನ ಮುಳ್ಳಿನಿಂದ ವಜ್ರದ ಮುಳ್ಳಿನ ತನಕ

‘ಅಲ್ಲ ವೈನಿ, ಮೊಬೈಲ್ ಒತ್ತಿದ್ರ ಬೇಕಾದ ಹಾಡು ಬರತದ, ಈ ಪ್ಲೇಟಿನ ಉಸಾಬರಿ ಯಾಕ?’ ಅಂತ ಎಲ್ಲಾರೂ ಕೇಳತೀರಿ. ಖರೇನ ಅದ. ಆದ್ರ ನಮ್ಮ ನಾದನಿ ಮನ್ಯಾಗ ನಮ್ಮ ಮಾವನವರು ಕೂಡಿಸಿಟ್ಟ ಎಪ್ಪತ್ತು ಚಿಲ್ಲರೆ ಪ್ಲೇಟು ಅವ. ಅರ್ಧ ಹಳೇ 78ರ ಅರಗಿನ ಪ್ಲೇಟು, ಅರ್ಧ ಎಲ್‌ಪಿ. ಅಕಿ ಮಗ ಅವನ್ನ ಕೇಳಲಿಕ್ಕೆ ಅಂತ ಒಂದು ಹೊಸಾ ಟರ್ನ್‌ಟೇಬಲ್ ತಂದಾನ. ಈಗ ಅದರ ಕಾರ್ಟ್ರಿಜ್ ಬದಲಿ ಮಾಡಬೇಕು ಅಂತ ಹಟಾ ಹಿಡದಾನ. ಅಂಗಡಿಯವ ಒಂದು ಹೇಳತಾನ, ಗೆಳ್ಯಾರು ಒಂದು ಹೇಳತಾರ, ಬೆಲಿ ಮೂರು ಸಾವಿರದಿಂದ ಲಕ್ಷದ ಮ್ಯಾಲಿನ ತನಕ. ನಾದನಿ ನನ್ನ ಕೇಳಿದಳು: ‘ಒಂದು ಮುಳ್ಳಿಗೆ ಇಷ್ಟು ರೊಕ್ಕ ಹಾಕೂದು ಶ್ಯಾಣ್ಯಾತನ ಏನ?’

ಇದಕ್ಕ ಹೂಂ ಅಥವಾ ಊಹೂಂ ಅಂತ ಒಂದ ಮಾತಿನ್ಯಾಗ ಹೇಳಲಿಕ್ಕೆ ಬರೂದಿಲ್ಲ. ಆ ಮುಳ್ಳು ಎಲ್ಲಿಂದ ಬಂತು, ಯಾಕ ಬದಲಾಗಕೋತ ಬಂತು ಅನ್ನೂದು ತಿಳದ್ರ ಯಾವದು ತಗೋಬೇಕು ಅನ್ನೂದು ತಾನಾಗೇ ತಿಳೀತದ. ಅದನ್ನ ಇಲ್ಲೆ ಬರದೇನಿ. ಸ್ವಲ್ಪ ಉದ್ದ ಅದ, ಚಹಾ ಇಟಗೊಂಡು ಓದ್ರಿ.

1877ರಾಗ ಅಮೇರಿಕಾದ ಎಡಿಸನ್ ಸಾಹೇಬ ದನಿ ಹಿಡದಿಡೋ ಯಂತ್ರ ಮಾಡಿದ. ಅಂವ ಒಂದು ಉರುಳಿಗೆ ತವರದ ತೆಳು ಹಾಳಿ ಸುತ್ತಿ, ಅದರ ಮ್ಯಾಲೆ ಮುಳ್ಳಿಲೆ ಗೆರಿ ಕೊರೆಯೂ ಹಂಗ ಮಾಡಿದ್ದ. ಹತ್ತು ವರ್ಷದ ಮ್ಯಾಲೆ, 1887ರಾಗ, ಎಮಿಲ್ ಬರ್ಲಿನರ್ ಅನ್ನೋವ ಉರುಳಿ ಬಿಟ್ಟು ಚಪ್ಪಟಿ ಪ್ಲೇಟಿನ ಹಾದಿ ಹಿಡದ. ಉರುಳಿಗಿಂತ ಪ್ಲೇಟು ಯಾಕ ಗೆದ್ದಿತು ಅಂದ್ರ, ಒಂದು ಅಚ್ಚು ಮಾಡಿಟ್ರ ಹೋಳಿಗಿ ಒತ್ತಿಧಂಗ ಒಂದರ ಹಿಂದ ಒಂದು ಸಾವಿರ ಪ್ಲೇಟು ಒತ್ತಬಹುದು. ಅಷ್ಟ ಅಲ್ಲದ ಡಬ್ಬಿಯೊಳಗ ಸಾಲಾಗಿ ನಿಂದರಿಸಿಡಲಿಕ್ಕೂ ಬರತದ.

ಆ ಪ್ಲೇಟು ಮಾಡ್ತಿದ್ದದ್ದು ಯಾತರಿಂದ ಗೊತ್ತೇನ್ರಿ? ಅರಗಿನಿಂದ. ನಮ್ಮ ದೇಶದ ಕಾಡಿನ ಗಿಡದ ಮ್ಯಾಲೆ ಒಂದು ಸಣ್ಣ ಹುಳಾ ಮಾಡೋ ಅಂಟಿನ ಪದಾರ್ಥ ಅದು. ನಾವು ಅರಗಿನ ಬಳಿ ಅಂತ ಹಾಕೋತೇವಿ, ಚನ್ನಪಟ್ಟಣದ ಗೊಂಬಿಗೆ ಬಣ್ಣದ ಹೊಳಪು ಕೊಡೂದೂ ಅದ ಅರಗು. ಇಲ್ಲಿಂದ ಹಡಗು ತುಂಬಿ ವಿಲಾಯತಿಗೆ ಹೋಗಿ, ಕಲ್ಲಿನ ಪುಡಿ ಕಲಸಿಕೊಂಡು, ಪ್ಲೇಟಾಗಿ ಹೊರಳಿ ನಮ್ಮ ಮನಿಗೇ ಬರತಿತ್ತು.

ಆ ಕಲ್ಲಿನ ಪುಡಿ ನೆನಪಿನ್ಯಾಗ ಇಡ್ರಿ, ಮುಂದ ಅದರ ಕೆಲಸ ಅದ. ಆವಾಗಿನ ಮುಳ್ಳು ಉಕ್ಕಿಂದು. ಪ್ಲೇಟಿನ ಗೆರಿಯೊಳಗ ಆ ಮುಳ್ಳು ಓಡಿಧಂಗ ಕಲ್ಲಿನ ಪುಡಿ ಅದನ್ನ ಸಾಣಿ ಹಿಡದಂಗ ತಿಕ್ಕಿ ಗೆರಿಯ ಅಳತಿಗೆ ಸರಿ ಮಾಡತಿತ್ತು. ಅಂದ್ರ ಸವಿಯೂದು ಮುಳ್ಳು, ಉಳಿಯೂದು ಪ್ಲೇಟು. ಅದಕ್ಕಽ ಒಂದೊಂದು ಮಗ್ಗಲಿಗೂ ಹೊಸಾ ಮುಳ್ಳು ಹಾಕಬೇಕು ಅಂತ ನಿಯಮ ಇತ್ತು. ಸಣ್ಣ ತಗಡಿನ ಡಬ್ಬಿಯೊಳಗ ನೂರಗಟ್ಟಲೆ ಮುಳ್ಳು ಬರತಿದ್ದವು, ಮ್ಯಾಲೆ ನಾಯಿ ಚಿತ್ರ. ಆ ಡಬ್ಬಿ ಆಮ್ಯಾಲೆ ಎಷ್ಟೋ ಮನ್ಯಾಗ ಗುಂಡಿ, ಟಾಚಣಿ ಇಡೋ ಡಬ್ಬಿ ಆದವು. ಜಿಪುಣರು ಒಂದ ಮುಳ್ಳಿನ್ಯಾಗ ಇಪ್ಪತ್ತು ಪ್ಲೇಟು ಕೇಳಿದ್ರ ಏನಾಗತಿತ್ತು? ಸವದ ಮುಳ್ಳಿಗೆ ಅಂಚು ಬಂದು ಅದು ಉಳಿ ಹಂಗ ಆಗಿ ಗೆರಿಯನ್ನ ಕೆತ್ತತಿತ್ತು. ಹಳೇ ಪ್ಲೇಟಿನ್ಯಾಗ ಕರಿ ಬಣ್ಣ ಹೋಗಿ ಬೂದಿ ಬಣ್ಣದ ಪಟ್ಟಿ ಕಾಣತದಲ್ಲ, ಅದು ಹಿಂಗ ಕೆತ್ತಿ ಹೋದದ್ದು.

ನಮ್ಮ ದೇಶದಾಗ ಪ್ಲೇಟಿಗೆ ಹೆಸರು ತಂದಾಕಿ ಒಬ್ಬ ಹೆಣ್ಣುಮಗಳು. 1902ರ ನವೆಂಬರದಾಗ ಕಲಕತ್ತಾಕ್ಕ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಬಂದಾಗ ಗೌಹರ್ ಜಾನ್ ಹಾಡಿದರು. ದೊಡ್ಡ ದೊಡ್ಡ ಉಸ್ತಾದರು ಯಂತ್ರದ ಮುಂದ ಹಾಡಲಿಕ್ಕೆ ಹಿಂಜರಿಯೋ ಕಾಲದಾಗ ಗಂಟೆಗಟ್ಟಲೆ ಹಾಡೂ ರಾಗಾ ಮೂರು ನಿಮಿಷದಾಗ ಹೆಂಗ ಹಿಡಸಬೇಕು ಅನ್ನೂದನ್ನ ತೋರಿಸಿಕೊಟ್ಟಾಕಿ ಅಕಿ. ಹಾಡು ಮುಗದ ಕೂಡ್ಲೆ ತನ್ನ ಹೆಸರು ಇಂಗ್ಲೀಷಿನ್ಯಾಗ ತಾನಽ ಹೇಳತಿದ್ದಳು. ಪ್ಲೇಟು ಒತ್ತೂದು ಜರ್ಮನಿಯ ಹ್ಯಾನೋವರದಾಗ, ಅಲ್ಲಿಯವರಿಗೆ ಯಾರ ಹಾಡು ಅಂತ ತಿಳದು ಚೀಟಿ ಹಚ್ಚಲಿಕ್ಕೆ ಅದು ಬೇಕಾಗತಿತ್ತು. ಕಲಕತ್ತಾದಾಗ ಪ್ಲೇಟಿನ ಕಾರ್ಖಾನೆ ಬಂದದ್ದು 1908ರಾಗ, ಆಮ್ಯಾಲೆ 1928ರಾಗ ಡಮ್‌ಡಮ್‌ದಾಗ ದೊಡ್ಡದು ಆತು. ಗೌಹರ್ ಜಾನ್ ಕಡೀ ದಿನಾ ಕಳದದ್ದು ನಮ್ಮ ಮೈಸೂರಿನ್ಯಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಾಗ. 1930ರ ಜನವರಿಯೊಳಗ ಅಲ್ಲೇ ತೀರಿಕೊಂಡರು.

ನಮ್ಮ ಧಾರವಾಡ ಕಡೆಯ ಕಥಿನೂ ಇದರಾಗ ಅದ. ಗಂಗೂಬಾಯಿ ಹಾನಗಲ್ಲರು, ಮಲ್ಲಿಕಾರ್ಜುನ ಮನಸೂರರು 1930ರ ದಶಕದಾಗ ಎಚ್‌ಎಂವಿಗೆ ಹಾಡಿದರು. ಗಂಗೂಬಾಯಿಯವರ ಆ ವ್ಯಾಳ್ಯಾದ ದನಿ ಸಣ್ಣದು, ಮ್ಯಾಲಿನ ಶ್ರುತಿಯದು. ಮುಂದ ಗಂಟಲಿನ ಶಸ್ತ್ರಕ್ರಿಯಾ ಆದ ಮ್ಯಾಲೆ ನಾವೆಲ್ಲಾ ಕೇಳಿದ ಆ ಗಂಭೀರ ದನಿ ಬಂತು. ಹಂಗಾದ್ರ ಅವರ ಹರೇದ ದನಿ ಈಗ ಎಲ್ಲಿ ಉಳದದ? ಆ ಅರಗಿನ ಪ್ಲೇಟಿನ ಗೆರಿಯೊಳಗ. ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿ ಪ್ಲೇಟು ಕೇಳಿ, ಹಿಂಗ ಹಾಡೂದು ಕಲೀಬೇಕು ಅಂತ ಹನ್ನೊಂದು ವರ್ಷದಾಂವ ಮನಿ ಬಿಟ್ಟು ಹೋದ. ಊರೂರು ತಿರಗಿ ಕಡೀಕ ಗುರು ಸಿಕ್ಕದ್ದು ಇಲ್ಲೇ ಕುಂದಗೋಳದಾಗ, ಅದ ಖಾನಸಾಹೇಬರ ಶಿಷ್ಯರು, ಸವಾಯಿ ಗಂಧರ್ವರು. ಮೂರು ನಿಮಿಷದ ಒಂದು ಪ್ಲೇಟು ಏನು ಮಾಡಬಹುದು ನೋಡ್ರಿ.

ಈಗ ಮತ್ತ ಮುಳ್ಳಿಗೆ ಬರೋಣ. 1925ರ ಸುಮಾರಿಗೆ ಮೈಕ್ ಹಚ್ಚಿ ವಿದ್ಯುತ್ತಿನಿಂದ ಪ್ಲೇಟು ಮಾಡೂದು ಶುರು ಆತು. ಅದರ ಹಿಂದ ಕೇಳೂದೂ ವಿದ್ಯುತ್ತಿನಿಂದ ಆತು. ಮೊದಲ ಮುಳ್ಳಿನ ನಡುಕಾ ಒಂದು ತೆಳು ತಗಡಿಗೆ ಬಡದು ಕಹಳಿಯಿಂದ ದನಿ ಬರತಿತ್ತು. ಅದರ ತಲಿ ಭಾರ ನೂರು ಗ್ರಾಮಿಗಿಂತ ಹೆಚ್ಚ. ಈಗ ಮುಳ್ಳಿನ ಬೆನ್ನಿಗೆ ಒಂದು ಹರಳು ಬಂತು. ನಮ್ಮ ಅಡಗಿಮನಿ ಗ್ಯಾಸ್ ಲೈಟರ್ ಇಲ್ಲೇನು, ಒತ್ತಿದ್ರ ಕಿಡಿ ಬರತದಲ್ಲ, ಅದರ ಗುಣಾನ ಇದು: ಕೆಲವು ಹರಳು ಒತ್ತಿದ್ರ ವಿದ್ಯುತ್ ಹುಟ್ಟತದ. ಮುಳ್ಳು ನಡುಗಿಧಂಗ ಹರಳು ಒತ್ತಿ, ವಿದ್ಯುತ್ ಹುಟ್ಟಿ, ಸ್ಪೀಕರಿನ್ಯಾಗ ಹಾಡಾಗತದ. ಮೊದಲಿನ ಹರಳು ಬಿಸಲು, ಥಂಡಿ ತಡೀತಿರಲಿಲ್ಲ. ಆಮ್ಯಾಲೆ ಸಿರಾಮಿಕ್ ಬಂತು, ಅದು ಗಟ್ಟಿ. ನಾವು ಸಣ್ಣವರಿದ್ದಾಗ ನೋಡಿದ ಪೆಟ್ಟಿಗಿ ಪ್ಲೇಯರಿನ್ಯಾಗೆಲ್ಲಾ ಇದ ಇತ್ತು. ಮುಳ್ಳಿನ ಹತ್ರ ಒಂದು ಸಣ್ಣ ಕಿವಿ ಇರತಿತ್ತು, ತಿರುವಿದ್ರ ಒಂದು ಮಗ್ಗಲು 78ಕ್ಕ, ಇನ್ನೊಂದು ಮಗ್ಗಲು ಎಲ್‌ಪಿಗೆ. ಅದು ಸುಮ್ಮನ ಚೈನಿಗೆ ಇಟ್ಟದ್ದಲ್ಲ, ಕಾರಣ ಅದ.

1948ರಾಗ ಅಮೇರಿಕಾದ ಕೊಲಂಬಿಯಾ ಕಂಪನಿಯವರು ಎಲ್‌ಪಿ ತಂದರು. ಅರಗು ಹೋಗಿ ವಿನೈಲ್ ಬಂತು, ನಿಮಿಷಕ್ಕ 78 ಸುತ್ತು ಹೋಗಿ ಮೂವತ್ತಮೂರು ಮತ್ತ ಮೂರನೇ ಒಂದು ಸುತ್ತು ಬಂತು. ಗೆರಿ ಭಾಳ ಸಣ್ಣಾತು, ಒಂದ ಮಗ್ಗಲಿಗೆ ಇಪ್ಪತ್ತು ನಿಮಿಷದ ಮ್ಯಾಲೆ ಹಾಡು ಹಿಡೀತು. 78ರ ಮುಳ್ಳಿನ ತುದಿಯ ದುಂಡು ಸುಮಾರು 75 ಮೈಕ್ರಾನ್ ಇದ್ರ ಎಲ್‌ಪಿ ಮುಳ್ಳಿಂದು 25, ಸ್ಟೀರಿಯೋ ಬಂದ ಮ್ಯಾಲೆ ಸುಮಾರು 18. ಮಿಲಿಮೀಟರಿನ ಸಾವಿರನೇ ಪಾಲಿಗೆ ಮೈಕ್ರಾನ್ ಅಂತಾರ. ಗೋಣಿ ಹೊಲಿಯೋ ದಬ್ಬಣಕ್ಕೂ ಜಂಪರ್ ಹೊಲಿಯೋ ಸೂಜಿಗೂ ಇರೋ ಫರಕು ಇದು. ಎಲ್‌ಪಿ ಮುಳ್ಳು 78ರ ಅಗಲ ಗೆರಿಯೊಳಗ ಇಟ್ರ ತಳಕ್ಕ ಬಿದ್ದು ಧೂಳಿನ್ಯಾಗ ಉಳ್ಳಾಡತದ, ಗೊರಗೊರ ಅಂತದ. ಹಳೇ ಉಕ್ಕಿನ ಮುಳ್ಳು ಎಲ್‌ಪಿ ಮ್ಯಾಲೆ ಇಟ್ರಂತೂ ಮುಗದ ಹೋತು, ವಿನೈಲಿನ್ಯಾಗ ಸಾಣಿ ಹಿಡಿಯೋ ಕಲ್ಲಿನ ಪುಡಿ ಇಲ್ಲ, ಇಲ್ಲೆ ಸವಿಯೂದು ಪ್ಲೇಟು. ನಮ್ಮ ದೇಶದಾಗ 78ರ ಪ್ಲೇಟು 1960ರ ದಶಕದಾಗೂ ಒತ್ತತಿದ್ದರು. ಬೀಟಲ್ಸ್ ಹುಡುಗರ ಹಾಡು ಸುದ್ದಾ ಇಲ್ಲೆ 78ರಾಗ ಬಂದಾವ. ಹಿಂಗಾಗಿ ನಮ್ಮ ಮನಿಗೋಳೊಳಗ ಎರಡೂ ನಮೂನಿ ಕೂಡೇ ಇರತಾವ.

ಸ್ಟೀರಿಯೋ ವಿಚಾರ ಅಲನ್ ಬ್ಲಮ್‌ಲೈನ್ ಅನ್ನೋ ಇಂಗ್ಲೀಷ್ ಎಂಜಿನಿಯರ್‌ನದು, 1931ರಂದು. ಆದ್ರ ಪ್ಯಾಟಿಗೆ ಸ್ಟೀರಿಯೋ ಪ್ಲೇಟು ಬಂದದ್ದು 1958ರ ಸುಮಾರಿಗೆ. ಗೆರಿಯ ಎಡಗ್ವಾಡಿ ಒಂದು ದನಿ, ಬಲಗ್ವಾಡಿ ಇನ್ನೊಂದು ದನಿ. ಇಷ್ಟು ನಾಜೂಕು ಕೆಲಸಕ್ಕ ಹಳೇ ಭಾರದ ಮುಳ್ಳು ಸಾಲದ ಆತು. ಆವಾಗ ಮುಂದ ಬಂದದ್ದು ಲೋಹಚುಂಬಕದ ಕಾರ್ಟ್ರಿಜ್. ಸೈಕಲ್ ಡೈನಮೋ ಗೊತ್ತಲ್ಲ? ತಂತಿ ಸುರುಳಿ ಹತ್ರ ಚುಂಬಕ ತಿರಗಿದ್ರ ದೀಪ ಹತ್ತತದ. ಅದನ್ನ ಸಾಸಿವಿಯಷ್ಟು ಸಣ್ಣ ಮಾಡಿ ಮುಳ್ಳಿನ ಹಿಂದ ಕೂಡಿಸಿದ್ರು. ಚುಂಬಕ ಅಲಗ್ಯಾಡೂದು ಒಂದು ಜಾತಿ, ಅದಕ್ಕ ಎಂಎಂ ಅಂತಾರ. ಅಮೇರಿಕಾದ ಶ್ಯೂರ್ ಕಂಪನಿ 1958ರಾಗ ಸ್ಟೀರಿಯೋಕ್ಕ ಅಂತ ಇಂಥಾದ್ದು ತಂತು. ಸುರುಳಿನ ಅಲಗ್ಯಾಡೂದು ಇನ್ನೊಂದು ಜಾತಿ, ಅದು ಎಂಸಿ. ಡೆನ್ಮಾರ್ಕಿನ ಆರ್ಟೋಫೋನ್‌ದವರ ಎಸ್‌ಪಿಯು ಇಂಥಾದ್ದು. ಜಪಾನದಾಗ ಡೆನಾನ್ ಕಂಪನಿ ಅಲ್ಲಿಯ ರೇಡಿಯೋ ಎನ್‌ಎಚ್‌ಕೆ ಜೋಡಿ ಕೂಡಿ 1960ರ ದಶಕದಾಗ ಮಾಡಿದ ಡಿಎಲ್-103 ಅನ್ನೂದು ಈಗೂ ತಯಾರ್ ಆಗತದ. ಅರವತ್ತು ವರ್ಷ ಒಂದ ನಮೂನಿ ಸಾಮಾನು ಮಾಡೂದು ಅಂದ್ರ ಪ್ರೆಸ್ಟೀಜ್ ಕುಕ್ಕರಿಗೂ ಆಗಿಲ್ಲ ಬಿಡ್ರಿ.

ಅದ ಜಪಾನದಾಗ 1962ರಾಗ ಹಿದೆಓ ಮತ್ಸುಶಿತಾ ಅನ್ನೋವರು ಟೋಕಿಯೋದಾಗ ಆಡಿಯೋ-ಟೆಕ್ನಿಕಾ ಶುರು ಮಾಡಿದ್ರು. ಅದಕ್ಕೂ ಮೊದಲ ಅವರು ಬ್ರಿಜ್‌ಸ್ಟೋನ್ ಕಲಾ ಸಂಗ್ರಹಾಲಯದಾಗ ಮಂದಿನ ಕೂಡಿಸಿ ಒಳ್ಳೆ ಯಂತ್ರದಾಗ ಪ್ಲೇಟು ಕೇಳಿಸತಿದ್ದರು. ಮಂದಿ ಮಾರಿ ಮ್ಯಾಲಿನ ಸಂತೋಷ ನೋಡಿ, ಇಂಥಾ ದನಿ ಸಾಮಾನ್ಯರಿಗೂ ಎಟುಕಬೇಕು ಅಂತ ಕಡಿಮಿ ಬೆಲಿಯ ಕಾರ್ಟ್ರಿಜ್ ಮಾಡಲಿಕ್ಕೆ ಕೈ ಹಾಕಿದ್ರು. ಈಗ ಬಜಾರದಾಗ ಬರೋ ಸ್ವಸ್ತ ಟರ್ನ್‌ಟೇಬಲ್ ಭಾಳಷ್ಟರಾಗ ಇರೂದು ಅವರ ಕಾರ್ಟ್ರಿಜ್ಜಽ.

ಇನ್ನ ಮುಳ್ಳಿನ ತುದಿ. ಮೊದಲ ಉಕ್ಕು, ಆಮ್ಯಾಲೆ ನೀಲಮಣಿ, ಈಗ ವಜ್ರ. ಇಲ್ಲೆ ನಮ್ಮ ಹೆಣ್ಣುಮಕ್ಕಳಿಗೆ ಅಂಗಡಿಯವರಕಿಂತ ಲಗೂನ ತಿಳೀತದ, ಯಾಕಂದ್ರ ಮೂಗಬಟ್ಟಿನ ಲೆಕ್ಕನ ಇದು. ಸ್ವಸ್ತ ಮುಳ್ಳಿನ್ಯಾಗ ಲೋಹದ ಕಡ್ಡಿ ತುದಿಗೆ ಒಂದು ವಜ್ರದ ಚೂರು ಅಂಟಿಸಿರತಾರ. ತುಟ್ಟಿ ಮುಳ್ಳಿನ್ಯಾಗ ಇಡೀ ತುದಿನ ವಜ್ರ, ಹಿಂಗಾಗಿ ಹಗರು, ನಡುಗೂದು ಚುರುಕು. ಇನ್ನ ಕಟಾವು. ದುಂಡನ್ನ ತುದಿ ಎಲ್ಲಾಕಿಂತ ಹಳೇದು. 1960ರ ದಶಕದಾಗ ಮೊಟ್ಟಿ ಆಕಾರದ್ದು ಬಂತು, ಎಲಿಪ್ಟಿಕಲ್ ಅಂತಾರ. 1970ರ ದಶಕದಾಗ ಜಪಾನದ ಜೆವಿಸಿ ಕಂಪನಿಯ ಶಿಬಾಟಾ ಅನ್ನೋವರು ನಾಲ್ಕು ಸ್ಪೀಕರಿನ ಪ್ಲೇಟಿನ ಸಲುವಾಗಿ ಇನ್ನೂ ಸಣ್ಣ ಅಂಚಿನ ಕಟಾವು ಮಾಡಿದ್ರು. ಆ ನಾಲ್ಕು ಸ್ಪೀಕರಿನ ಪ್ಲೇಟು ನಡೀಲಿಲ್ಲ, ಮುಳ್ಳು ಮಾತ್ರ ಉಳೀತು. ಅದರ ಹಿಂದ ಮೈಕ್ರೋಲೀನಿಯರ್ ಅಂತನೂ ಬಂತು.

ಈ ಕಟಾವಿನಿಂದ ನಮಗೇನು ಲಾಭ? ಎಲ್‌ಪಿ ಹೊರಗಿನ ಅಂಚಿನ್ಯಾಗ ಮುಳ್ಳಿನ ಕೆಳಗ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರಿ ಓಡತದ. ಒಳಗ, ಚೀಟಿ ಹತ್ರ ಬಂದಾಗ ಸುತ್ತು ಸಣ್ಣದಾಗಿ 20ರ ಸುಮಾರು ಅಷ್ಟ. ಅಂದ್ರ ಅಷ್ಟ ಹಾಡು ಅರ್ಧಕ್ಕಿಂತ ಕಡಿಮಿ ಜಾಗಾದಾಗ ಇಕ್ಕಟ್ಟಾಗಿ ಕೂತಿರತದ. ದುಂಡನ್ನ ಮುಳ್ಳಿಗೆ ಆ ಸಣ್ಣ ಸಣ್ಣ ತಿರುವು ಹೊಗಲಿಕ್ಕೆ ಆಗೂದಿಲ್ಲ, ದನಿ ಒಡೀತದ, ‘ಸ’ ಅನ್ನೂದು ‘ಶ್ಶ್’ ಅಂತದ. ನಮ್ಮ ಹಿಂದುಸ್ತಾನಿ ಎಲ್‌ಪಿಯೊಳಗ ಅಲ್ಲೇ ಏನಿರತದ ವಿಚಾರ ಮಾಡ್ರಿ. ಶುರುವಿಗೆ ವಿಲಂಬಿತ, ಸಾವಕಾಶ ಆಲಾಪ. ಕಡೀಕ ದ್ರುತ, ತಾನುಗಳ ಮಳಿ. ಗವಾಯಿಗೋಳು ಎಲ್ಲಿ ಜೋರಿಗೆ ಏರತಾರ, ಪ್ಲೇಟಿನ್ಯಾಗ ಅದ ಜಾಗಾ ಇಕ್ಕಟ್ಟು. ವಿಲಾಯತಿ ಸಿನಿಮಾ ಹಾಡಿನವರಿಗೆ ಬ್ಯಾಡಾದ್ರೂ ನಮ್ಮ ಸಂಗೀತಕ್ಕ ಒಳ್ಳೆ ಕಟಾವು ಬೇಕು ಅಂತ ನಾ ಹೇಳೂದು ಇದಕ್ಕ.

ಈಗ ಹುಡುಗನ ಮುಂದಿದ್ದ ಆಯ್ಕೆ ನೋಡೋಣ. ಅವನ ಟರ್ನ್‌ಟೇಬಲ್ ಜೋಡಿ ಬಂದದ್ದು ದುಂಡನ್ನ ಅಂಟಿಸಿದ ಮುಳ್ಳಿನ, ಮೂರು ಗ್ರಾಮಿನ ಮ್ಯಾಲೆ ಭಾರ ಕೇಳೋ ಕಾರ್ಟ್ರಿಜ್. ಅಂವಗ ಡಿಎಲ್-103 ಮ್ಯಾಲೆ ಮನಸ್ಸಿತ್ತು. ಭಾಳ ಹೆಸರುವಾಸಿ ಖರೇ, ಆದ್ರ ಅದು ಕೊಡೂದು 0.3 ಮಿಲಿವೋಲ್ಟ್ ಅಷ್ಟ, ಎಂಎಂದವು ನಾಲ್ಕು ಐದು ಕೊಡತಾವ. ಅದನ್ನ ಏರಿಸಲಿಕ್ಕೆ ಮತ್ತೊಂದು ಯಂತ್ರ ಬೇಕು, ಅದರ ಗಡಸು ಮುಳ್ಳಿಗೆ ಭಾರದ ತೋಳು ಬೇಕು, ಮುಳ್ಳು ಸವದ್ರ ಇಡೀ ಕಾರ್ಟ್ರಿಜ್ಜಽ ಬದಲಿ. ಮ್ಯಾಲೆ ಅದರದೂ ದುಂಡನ್ನ ತುದಿನ. ಎರಡನೇದು ಆರ್ಟೋಫೋನ್ 2ಎಂ: ರೆಡ್ ತಗೊಂಡು ಮುಂದ ಬ್ಲೂ ಮುಳ್ಳು ಹಾಕಬಹುದು. ಒಳ್ಳೇದಽ. ಮೂರನೇದು ಆಡಿಯೋ-ಟೆಕ್ನಿಕಾದ ವಿಎಂ95. ಇದರ ಚಂದ ಏನಂದ್ರ ಒಂದ ಮೈಗೆ ದುಂಡನ್ನ, ಎಲಿಪ್ಟಿಕಲ್, ಶಿಬಾಟಾ, ಮೈಕ್ರೋಲೀನಿಯರ್ ಎಲ್ಲಾ ಮುಳ್ಳೂ ಕೂಡತಾವ, 78ಕ್ಕ ಅಂತನೂ ಬ್ಯಾರೆ ಮುಳ್ಳು ಅದ. ನಮ್ಮ ಹಳೇ ಪೆಟ್ಟಿಗಿ ಪ್ಲೇಯರಿನ ಕಿವಿ ತಿರುವೋ ವಿದ್ಯಾ ಮತ್ತ ಬಂತು ಅಂತ ತಿಳೀರಿ.

ಇನ್ನ ರೊಕ್ಕದ ಲೆಕ್ಕ. ಕಂಪನಿಯವರು ಹೇಳೋ ಪ್ರಕಾರ ಎಲಿಪ್ಟಿಕಲ್ ಮುಳ್ಳು 300 ತಾಸು ಬರತದ, ಮೈಕ್ರೋಲೀನಿಯರ್ 1000 ತಾಸು. ದಿನಾ ಒಂದು ತಾಸು ಕೇಳಿದ್ರ ಒಂದು ಹತ್ತು ತಿಂಗಳು, ಇನ್ನೊಂದು ಎರಡೂಮುಕ್ಕಾಲು ವರ್ಷ. ಬೆಲಿ ಸುಮಾರು ಮೂರು ಪಟ್ಟು, ಬಾಳಿಕಿನೂ ಮೂರು ಪಟ್ಟು ದಾಟತದ. ಅಂದ್ರ ತಾಸಿನ ಲೆಕ್ಕಕ್ಕ ತುಟ್ಟಿದು ತುಟ್ಟಿ ಅಲ್ಲ, ಮ್ಯಾಲೆ ಪ್ಲೇಟಿಗೆ ಸವಕಳಿ ಕಡಿಮಿ. ನಾದನಿಗೆ ನಾ ಹೇಳಿದ್ದು ಇಷ್ಟ: ‘ಮುಳ್ಳು ಮತ್ತ ಸಿಗತದ, ಅಪ್ಪನ ಪ್ಲೇಟು ಸಿಗೂದಿಲ್ಲ. ದೊಡ್ಡ ಹೆಸರಿನ ಎಂಸಿ ಬ್ಯಾಡ. ಈ ಮೈ, ಮೈಕ್ರೋಲೀನಿಯರ್ ಮುಳ್ಳು ಒಂದು, 78ರ ಮುಳ್ಳು ಒಂದು. ಮಿಕ್ಕಿದ ರೊಕ್ಕದಾಗ ತೂಕದ ಸಣ್ಣ ತಕ್ಕಡಿ ಮತ್ತ ಬ್ರಶ್.’ ಹುಡುಗ ಎರಡು ದಿನಾ ಮಾರಿ ಊದಿಸಿಕೊಂಡಿದ್ದ, ಆಮ್ಯಾಲೆ ಹೂಂ ಅಂದ.

ತಕ್ಕಡಿ ಯಾಕ ಅಂದ್ರ ಈ ಕಾರ್ಟ್ರಿಜ್ಜಿಗೆ ಭಾರ ಎರಡು ಗ್ರಾಮ್ ಇರಬೇಕು, ಅಂದ್ರ ಒಂದು ಸಣ್ಣ ಬಂಗಾರದ ಉಂಗುರದಷ್ಟು. ಹೆಚ್ಚಾದ್ರ ಒತ್ತತದ. ಭಾಳ ಮಂದಿ ಕಡಿಮಿ ಇಟ್ರ ಪ್ಲೇಟಿಗೆ ಛಲೋ ಅಂತ ತಿಳೀತಾರ, ಅದು ತಪ್ಪು. ಹಗರಾದ ಮುಳ್ಳು ಗೆರಿಯೊಳಗ ಕುಣದು ಕುಣದು ಗ್ವಾಡಿಗೆ ಬಡೀತದ. 78ರ ಮುಳ್ಳು ಹಾಕಿದಾಗ ಮಾತ್ರ ಐದು ಗ್ರಾಮ್ ಬೇಕು, ಬದಲಿ ಮಾಡಿದಾಗೆಲ್ಲಾ ಮತ್ತ ತೂಗಬೇಕು.

ನಿಮ್ಮ ಮನ್ಯಾಗೂ ಯಾರರೆ ಇದಕ್ಕ ಕೈ ಹಾಕೂದಿದ್ರ ಮೂರು ಮಾತು. ಮೊದಲ ತೋಳಿನ ತುದಿ ನೋಡ್ರಿ, ಕಾರ್ಟ್ರಿಜ್ ಎರಡು ಸಣ್ಣ ಸ್ಕ್ರೂದಾಗ ಕೂತಿದ್ರ ಬದಲಿ ಆಗತದ, ಅಚ್ಚಿನ್ಯಾಗ ಕೂಡೇ ಬಂದಿದ್ರ ಮುಳ್ಳು ಅಷ್ಟ ಬದಲಿ ಮಾಡಬಹುದು. ಎರಡನೇದು, ಹಿಂದ ನಾಲ್ಕು ಬಣ್ಣದ ತಂತಿ ಇರತಾವ: ಕೆಂಪು, ಹಸರು ಬಲಗಡೆಗೆ, ಬಿಳೇದು, ನೀಲಿ ಎಡಗಡೆಗೆ. ಜಗ್ಗಬ್ಯಾಡ್ರಿ, ಕೂದಲಿನಷ್ಟು ಸಣ್ಣ ಇರತಾವ. ಮೂರನೇದು ಎಲ್ಲಾಕಿಂತ ಮುಖ್ಯ: ಅರಗಿನ ಪ್ಲೇಟಿಗೆ ಸ್ಪಿರಿಟ್, ಸ್ಯಾನಿಟೈಜರ್ ಹಚ್ಚಿ ಒರಸಬ್ಯಾಡ್ರಿ, ಅರಗು ಅದರಾಗ ಕರಗತದ. ಮೆತ್ತನ್ನ ಬ್ರಶ್ ಸಾಕು.

ಅಟ್ಟದ ಮ್ಯಾಲೆ ಯಾರ ಮನ್ಯಾಗರೆ ಹಳೇ ಪ್ಲೇಟು ಇದ್ರ ರದ್ದಿಯವಗ ಹಾಕೂ ಮುಂಚೆ ಒಮ್ಮೆ ಚೀಟಿ ಓದ್ರಿ. ಧೂಳು ಒರಸಿ, ಮಲಗಸದ ನಿಂದರಿಸಿ, ಬಿಸಲು ಬೀಳದ ಕಡೆ ಇಡ್ರಿ. ಕೇಳೋ ಯಂತ್ರ ಇಲ್ಲಂದ್ರ ನಾದನಿ ಮನಿಗೆ ತಗೊಂಡು ಬರ್ರಿ, ಮುಳ್ಳು ಎರಡೂ ನಮೂನಿದು ಅವ.